ಕೊಟ್ಟ ಮೇಲೆ

1991ರ ಡಿಸೆಂಬರ್ ತಿಂಗಳು. ಕೋಲಾರ ಜಿಲ್ಲೆಯ ನಮ್ಮ ಊರಿನಲ್ಲಿ ಆ ವರ್ಷ ಚಳಿ ಸ್ವಲ್ಪ ಹೆಚ್ಚೇ ಇತ್ತು. ಕ್ರಿಸ್ಮಸ್ಸಿಗೆ ಮುಂಚೆ ಬಡವರಿಗೆ ಕಂಬಳಿ ಹಂಚುವುದು ನಮ್ಮ ಚರ್ಚಿನ ಸ್ತ್ರೀಯರ ಕೂಟದ ಹಳೆಯ ಪದ್ಧತಿ. ಆಗ ನಾನು ಕೂಟದ ಕಾರ್ಯದರ್ಶಿ. ಚಂದಾ ಎತ್ತಿದ್ದು, ಕಂಬಳಿ ಆರಿಸಿ ತಂದದ್ದು, ನಲವತ್ತು ಜನರ ಪಟ್ಟಿ ಬರೆದದ್ದು ಎಲ್ಲ ನಾನೇ. ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಸೊಪ್ಪಿನಜ್ಜಿಯದು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ದಂಟು, ಮೆಂತ್ಯ, ಸಬ್ಬಸಿಗೆ ಕಟ್ಟುಗಳ ಬುಟ್ಟಿ ಹೊತ್ತು ನಮ್ಮ ಬಾಗಿಲಿಗೆ ಬರುತ್ತಿದ್ದವಳು. ಹೆಗಲ ಮೇಲೆ ಒಂದು ಹರಕು ಟವೆಲ್ ಬಿಟ್ಟರೆ ಚಳಿಗೆ ಅವಳಿಗೆ ಬೇರೇನೂ ಇರಲಿಲ್ಲ.

ಹಂಚುವ ದಿನ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿದೆವು. ಫೋಟೋದವನನ್ನು ಕರೆಸಿದೆವು. ಅಜ್ಜಿ ಕೈಯೊಡ್ಡಿ ಕಂಬಳಿ ತೆಗೆದುಕೊಳ್ಳುವ ಫೋಟೋ ಚೆನ್ನಾಗಿ ಬಂತು. ಕಂದು ಕಂಬಳಿ, ಕೆಂಪು ಅಂಚು. ಅದರ ಪಕ್ಕದಲ್ಲಿ ಹೊಸ ಸೀರೆ ಉಟ್ಟ ನಾನು.

ಮೂರು ವಾರ ಕಳೆದಿರಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯವನ ಹೆಗಲ ಮೇಲೆ ಅದೇ ಕೆಂಪು ಅಂಚಿನ ಕಂಬಳಿ ಕಂಡೆ. ಎಲ್ಲಿಂದ ತಂದಿರಿ ಎಂದು ಕೇಳಿದರೆ, “ಸೊಪ್ಪು ಮಾರೋ ಮುದುಕಿ ಕೊಟ್ಟಳಮ್ಮ, ನಲವತ್ತು ರೂಪಾಯಿಗೆ” ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡೆ, ಕೂಟದ ಗೆಳತಿಯರ ಹತ್ತಿರವೂ ಹೇಳಿಕೊಂಡೆ. “ಇವರಿಗೆ ಮಾಡಿದರೆ ಇಷ್ಟೇ” ಎಂದು ಎಲ್ಲರೂ ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆ ಅಜ್ಜಿ ಬುಟ್ಟಿ ಇಳಿಸುವುದಕ್ಕೂ ಬಿಡದೆ ಕೇಳಿಯೇ ಬಿಟ್ಟೆ. “ಏನಜ್ಜಿ, ಕಂಬಳಿ ಮಾರಿಬಿಟ್ಟೆಯಂತೆ?” ಅವಳು ಮುಖ ತಗ್ಗಿಸಲಿಲ್ಲ, ಸುಳ್ಳೂ ಹೇಳಲಿಲ್ಲ. ನನ್ನನ್ನೇ ನೋಡಿ ಮೆಲ್ಲಗೆ ಕೇಳಿದಳು: “ಕೊಟ್ಮೇಲೆ ಅದು ನಮ್ದಲ್ವೇನಮ್ಮಾ?”

ನಾನು ಉತ್ತರ ಕೊಡದೆ ಬಾಗಿಲು ಹಾಕಿಕೊಂಡೆ. ಆ ದಿನ ಸೊಪ್ಪೂ ತೆಗೆದುಕೊಳ್ಳಲಿಲ್ಲ.

ನಿಮಗೂ ಇಂಥ ಅನುಭವ ಆಗಿರಬಹುದು. ಕೆಲಸದವಳಿಗೆ ಕೊಟ್ಟ ಸೀರೆಯನ್ನು ಅವಳು ಉಡದೆ ಪಾತ್ರೆಯವನಿಗೆ ಹಾಕಿದಳೆಂದೋ, ಓದಿಗೆಂದು ಕೊಟ್ಟ ಹಣವನ್ನು ಹುಡುಗ ಬೇರೆ ಯಾವುದಕ್ಕೋ ಖರ್ಚು ಮಾಡಿದನೆಂದೋ ನಾವು ನೊಂದುಕೊಳ್ಳುತ್ತೇವೆ. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುವಾಗ ಒಂದು ಮಾತು ನನ್ನನ್ನು ಚುಚ್ಚಿತು. ಅಜ್ಜಿ ಚಳಿಯಲ್ಲಿ ನಡುಗುತ್ತಾಳಲ್ಲ ಎಂಬುದು ನನ್ನ ನೋವಾಗಿರಲಿಲ್ಲ. ನನ್ನ ಕಂಬಳಿಗೆ ಮರ್ಯಾದೆ ಸಿಗಲಿಲ್ಲ ಎಂಬುದೇ ನನ್ನ ನೋವಾಗಿತ್ತು. ಹಾಗಾದರೆ ನಾನು ಆ ಕಂಬಳಿಯನ್ನು ಯಾರಿಗಾಗಿ ಕೊಟ್ಟೆ?

ನಮ್ಮ ಮತದಲ್ಲಿ ಈ ಪ್ರಶ್ನೆಗೆ ಬಹಳ ಹಳೆಯ ಚರಿತ್ರೆಯಿದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ದಾನದ ವಿಷಯ ಹೇಳುತ್ತಾನೆ. ಜನರು ನೋಡಲೆಂದು ತುತೂರಿ ಊದಿಸಿ ಕೊಡುವವರಿಗೆ ಸಿಗಬೇಕಾದ ಫಲ ಅಲ್ಲಿಗೇ ಮುಗಿಯಿತು ಎಂಬುದು ಅದರ ತಾತ್ಪರ್ಯ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯದಲ್ಲಿ ಪೌಲನು ಇನ್ನೂ ಮುಂದಕ್ಕೆ ಹೋಗುತ್ತಾನೆ. ಇದ್ದಬದ್ದದ್ದೆಲ್ಲ ಬಡವರಿಗೆ ಹಂಚಿದರೂ ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಎನ್ನುತ್ತಾನೆ. ಇನ್ನು 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಜಗಳದ ಬೇರೂ ಇಲ್ಲೇ ಇದೆ. ಹಣ ಕೊಟ್ಟು ಪಾಪಕ್ಷಮೆಯ ಚೀಟಿ ಕೊಳ್ಳುವುದನ್ನು ಆತ ವಿರೋಧಿಸಿದ. ಒಳ್ಳೆಯ ಕೆಲಸಗಳಿಂದ ಮೋಕ್ಷವನ್ನು ಸಂಪಾದಿಸಲಾಗದು, ಅದು ದೇವರು ಸುಮ್ಮನೆ ಕೊಡುವ ವರ ಎಂಬುದು ಆತನ ಬೋಧನೆ. ಹಾಗಿದ್ದರೆ ಒಳ್ಳೆಯದನ್ನು ಮಾಡುವುದಾದರೂ ಏಕೆ? ಸಂಬಳಕ್ಕಲ್ಲ, ಕೃತಜ್ಞತೆಗೆ, ನಿನಗೆ ಈಗಾಗಲೇ ಸಿಕ್ಕಿದೆ, ಪಕ್ಕದವನಿಗೆ ಅದು ಹರಿಯಲಿ ಎಂದು. ಇದು ಚಿಕ್ಕಂದಿನಿಂದ ನನಗೆ ಬಾಯಿಪಾಠ. ಬಾಯಿಪಾಠವಾದದ್ದು ಬಾಳಿಗೆ ಇಳಿದಿರಲಿಲ್ಲ, ಅಷ್ಟೆ.

ಆಗ ನನಗೆ ನೆನಪಾದದ್ದು ವೆಲ್ಲೂರು.

ನಮ್ಮ ಕೋಲಾರ ಸೀಮೆಯವರಿಗೆ ವೆಲ್ಲೂರು ದೂರದ ಊರಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕಾಟ್ಪಾಡಿಯಲ್ಲಿ ಇಳಿಯುವುದು. ಇಲ್ಲಿಯ ಡಾಕ್ಟರು ಕೈಚೆಲ್ಲಿದರೆ “ವೆಲ್ಲೂರಿಗೆ ಕರ್ಕೊಂಡು ಹೋಗಿ” ಎನ್ನುವುದು ನಮ್ಮಲ್ಲಿ ಗಾದೆಯಂತೆ. 1978ರಲ್ಲಿ ಅಮ್ಮನ ಗರ್ಭಕೋಶದ ಆಪರೇಷನ್ನಿಗೆ ನಾನೂ ಅಲ್ಲಿ 18 ದಿನ ಇದ್ದೆ. ವಾರ್ಡಿನ ಹೊರಗೆ ಕನ್ನಡ, ತಮಿಳು, ತೆಲುಗು, ಬಂಗಾಳಿ ಎಲ್ಲ ಮಾತೂ ಕೇಳಿಸುತ್ತಿತ್ತು. ಅಮ್ಮನ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದ ನರ್ಸ್ ಹುಡುಗಿಗೆ ಇಪ್ಪತ್ತೂ ಆಗಿರಲಿಲ್ಲ. ಅಮ್ಮನಿಗೆ ಸಂಕೋಚ. “ಯಾಕಮ್ಮಾ ನಮಗೋಸ್ಕರ ಇಷ್ಟು ಮಾಡ್ತೀಯ?” ಎಂದರೆ ಆ ಹುಡುಗಿ ನಕ್ಕು, ತನಗೆ ಬಂದ ಅರ್ಧಂಬರ್ಧ ಕನ್ನಡದಲ್ಲಿ, “ನಿಮಗೆ ಬೇಕಲ್ಲ, ಅದಕ್ಕೆ” ಎಂದಳು. ಹೊರಡುವ ದಿನ ಅಮ್ಮ ಅವಳ ಕೈಗೆ ಐದು ರೂಪಾಯಿ ತುರುಕಲು ಹೋದರೆ ಅವಳಾಗಲೇ ಪಕ್ಕದ ಮಂಚದ ಹತ್ತಿರ ಇದ್ದಳು.

ಕಂಬಳಿಯ ಪ್ರಸಂಗದ ನಂತರ ಆ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳತೊಡಗಿತು. ಆ ಆಸ್ಪತ್ರೆಯನ್ನು ಕಟ್ಟಿದ ಡಾ. ಐಡಾ ಸ್ಕಡರ್ ಅವರ ವಿಚಾರ ಸಿಕ್ಕಿದಲ್ಲೆಲ್ಲ ಓದಿದೆ. ಓದುತ್ತಾ ಹೋದಂತೆ ಮೊದಲು ಆಶ್ಚರ್ಯವಾದದ್ದು ಒಂದು ಸಂಗತಿ. ಈ ಮಹಾತಾಯಿಗೆ ಸೇವೆ ಮಾಡುವ ಮನಸ್ಸೇ ಇರಲಿಲ್ಲ!

ಅವರ ಅಜ್ಜ ಜಾನ್ ಸ್ಕಡರ್ ಅಮೆರಿಕದಿಂದ 1819ರಲ್ಲಿ ಸಿಲೋನಿಗೆ, ಅಲ್ಲಿಂದ ಮದರಾಸಿಗೆ ಬಂದ ಮಿಷನರಿ ಡಾಕ್ಟರು. ಅವರ ಏಳು ಗಂಡುಮಕ್ಕಳೂ ಮಿಷನ್ ಕೆಲಸ ಹಿಡಿದರು. ಅವರಲ್ಲೊಬ್ಬರ ಮಗಳು ಐಡಾ. ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿನ ಪಕ್ಕದ ರಾಣಿಪೇಟೆಯಲ್ಲಿ. ಆಕೆಗೆ ಆರು ವರ್ಷವಾಗುವಾಗ ದಕ್ಷಿಣ ಭಾರತಕ್ಕೆಲ್ಲ ದೊಡ್ಡ ಬರ ಬಂತು. ನಮ್ಮ ಹಿರಿಯರು ಧಾತು ವರ್ಷದ ಬರ ಎಂದು ಹೇಳುತ್ತಿದ್ದರಲ್ಲ, 1876ರಿಂದ 1878ರವರೆಗಿನ ಅದೇ ಬರ. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂದು ಲೆಕ್ಕ. ಎದ್ದು ತಿನ್ನಲೂ ಶಕ್ತಿಯಿಲ್ಲದ ಮಕ್ಕಳ ಬಾಯಿಗೆ ಪುಟ್ಟ ಐಡಾ ರೊಟ್ಟಿಯ ಚೂರು ಇಡಬೇಕಾಯಿತು. ಆ ದೃಶ್ಯ ಆಕೆಯ ಮನಸ್ಸಿನಿಂದ ಮಾಸಲಿಲ್ಲ. ಇಂಥದ್ದನ್ನು ನೋಡಿದವರು ಸೇವೆಗೆ ಹೊರಡುತ್ತಾರೆಂದು ನಾವು ಕಥೆಗಳಲ್ಲಿ ಓದುತ್ತೇವೆ. ಐಡಾ ಹಾಗಲ್ಲ. ಈ ದೇಶದ ಬಿಸಿಲು, ಹಸಿವು, ಸಾವುಗಳಿಂದ ದೂರ ಓಡಬೇಕೆಂದೇ ಆಕೆಗೆ ಅನ್ನಿಸಿತು. ಅಮೆರಿಕಕ್ಕೆ ಹೋದ ಮೇಲೆ ತಂದೆತಾಯಿ ಮಗಳನ್ನು ಬಂಧುಗಳ ಮನೆಯಲ್ಲಿ ಬಿಟ್ಟು ಮತ್ತೆ ಭಾರತಕ್ಕೆ ಬಂದರು. ಮಿಷನ್ ಎನ್ನುವುದು ಆಕೆಯ ಪಾಲಿಗೆ ಅಮ್ಮನನ್ನು ಕಿತ್ತುಕೊಂಡ ಕೆಲಸ.

1890ರ ಹೊತ್ತಿಗೆ ತಾಯಿಗೆ ಕಾಯಿಲೆಯೆಂದು ಕರೆ ಬಂತು. ಐಡಾ ತಿಂಡಿವನಕ್ಕೆ ಬಂದರು. ತಾಯಿ ಚೇತರಿಸಿಕೊಂಡ ಕೂಡಲೇ ಹಡಗು ಹತ್ತುವ ಯೋಚನೆ ಅವರದು. ಆಗ ಒಂದು ರಾತ್ರಿ ನಡೆದದ್ದನ್ನು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮೊದಲು ಬಾಗಿಲು ತಟ್ಟಿದ್ದು ಒಬ್ಬ ಬ್ರಾಹ್ಮಣ ಗೃಹಸ್ಥ. ಅವನ ಎಳೆಯ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ನನ್ನ ತಂದೆ ಡಾಕ್ಟರು, ಅವರನ್ನು ಕಳಿಸುತ್ತೇನೆ ಎಂದರು ಐಡಾ. ಪರಗಂಡಸು ನನ್ನ ಹೆಂಡತಿಯನ್ನು ನೋಡಬಾರದು, ನೀವೇ ಬನ್ನಿ ಎಂದ ಆತ. ನನಗೆ ವೈದ್ಯ ಗೊತ್ತಿಲ್ಲ ಎಂದಾಗ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸಲ್ಮಾನರು ಬಂದರು. ಅದೇ ಬೇಡಿಕೆ, ಅದೇ ಉತ್ತರ. ಆಮೇಲೆ ಮೂರನೆಯವನು, ಮತ್ತೊಬ್ಬ ಹಿಂದೂ. ಅವನೂ ಹಾಗೆಯೇ ಹೋದ. ಬೆಳಗಾಗುವಾಗ ಬೀದಿಯಲ್ಲಿ ತಮಟೆಯ ಸದ್ದು. ವಿಚಾರಿಸಿದರೆ ಮೂರು ಮನೆಯ ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಆ ದಿನ ಐಡಾ ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡಿ, ಹೊರಗೆ ಬಂದು, ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಮರಳಿ ಬರುತ್ತೇನೆ ಎಂದು ತಂದೆತಾಯಿಗೆ ಹೇಳಿದರು.

ಹೆರಿಗೆಯ ಕಷ್ಟ ಗೊತ್ತಿರುವ ನಮಗೆ ಈ ಕಥೆ ಹೊಟ್ಟೆಗೆ ತಟ್ಟುತ್ತದೆ. ಆದರೆ ನಾನು ಇಲ್ಲಿ ನಿಂತು ಯೋಚಿಸಿದ್ದು ಬೇರೊಂದು. ಆ ನಿರ್ಧಾರಕ್ಕೆ ಕಾರಣವೇನು? ಪುಣ್ಯದ ಆಸೆಯೇ? ಹೆಸರಿನ ಆಸೆಯೇ? ಮನೆತನದ ಮರ್ಯಾದೆಯೇ? ಮನೆತನವನ್ನು ಆಕೆ ಅಲ್ಲಿಯವರೆಗೂ ನಿರಾಕರಿಸಿದ್ದರು. ಸತ್ತ ಮೂವರೂ ಕ್ರೈಸ್ತರಲ್ಲ, ಆದ್ದರಿಂದ ತನ್ನವರೆಂಬ ಅಭಿಮಾನವೂ ಅಲ್ಲ. ಬಾಗಿಲಿಗೆ ಬಂದು ಕೇಳಿದರು, ತನ್ನ ಕೈಯಲ್ಲಿ ಕೊಡಲು ಏನೂ ಇರಲಿಲ್ಲ, ಇಷ್ಟೇ. ನಾನು ಏನು ಕೊಟ್ಟೇನು ಎಂಬಲ್ಲಿಂದ ಆ ಸೇವೆ ಶುರುವಾಗಲಿಲ್ಲ. ಅವರಿಗೆ ಏನು ಬೇಕಾಗಿತ್ತು ಎಂಬಲ್ಲಿಂದ ಶುರುವಾಯಿತು. ನಮ್ಮ ಕಂಬಳಿಯ ಪಟ್ಟಿ ಬರೆಯುವಾಗ ನಾವು ನಲವತ್ತು ಜನರಲ್ಲಿ ಒಬ್ಬರನ್ನಾದರೂ “ನಿಮಗೆ ಏನು ಬೇಕು?” ಎಂದು ಕೇಳಿದ್ದೆವೇ?

ಐಡಾ 1895ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಡಾಕ್ಟರಾದದ್ದು ಇದೇ ಕಾಲೇಜಿನಲ್ಲಿ. ತನ್ನ ಹಸುಗೂಸನ್ನು ಕಳೆದುಕೊಂಡ ದುಃಖದಲ್ಲಿ ಓದಲು ಹೊರಟ ಆ ಮರಾಠಿ ಹುಡುಗಿ ಡಾಕ್ಟರಾಗಿ ಊರಿಗೆ ಬಂದರೂ ರೋಗಿಗಳನ್ನು ನೋಡುವ ಭಾಗ್ಯವಿಲ್ಲದೆ 1887ರಲ್ಲಿ ತೀರಿಕೊಂಡಳು. ಕಾರ್ನೆಲ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಹೆಂಗಸರನ್ನು ಸೇರಿಸಿಕೊಂಡಾಗ ಐಡಾ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದರು. ಊರಿಗೆ ಹೊರಡುವ ಮುಂಚೆ ಆಸ್ಪತ್ರೆಗಾಗಿ ಹಣ ಬೇಡಲು ನ್ಯೂಯಾರ್ಕಿನಲ್ಲಿ ಓಡಾಡಿದರು. ರಾಬರ್ಟ್ ಶೆಲ್ ಎಂಬ ಬ್ಯಾಂಕರ್ ತೀರಿಕೊಂಡ ತನ್ನ ಹೆಂಡತಿಯ ನೆನಪಿಗೆಂದು 10,000 ಡಾಲರ್ ಕೊಟ್ಟ. ಅದರಿಂದ 1902ರಲ್ಲಿ ವೆಲ್ಲೂರಿನಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ ಎದ್ದಿತು, 40 ಹಾಸಿಗೆಯದು. ಮುಂದೆ ಅದು ಕಣ್ಣಿನ ಆಸ್ಪತ್ರೆಯಾಯಿತು. ಹೆಂಡತಿಯ ಹೆಸರು ಉಳಿಯಲೆಂದು ಕೊಟ್ಟದ್ದು ಶುದ್ಧ ದಾನವೇ ಎಂದು ಯಾರಾದರೂ ವಾದಿಸಬಹುದು. ಅಲ್ಲಿ ಹೆತ್ತು ಮಗುವನ್ನೆತ್ತಿಕೊಂಡು ಮನೆಗೆ ಹೋದ ಬಾಣಂತಿಗೆ ಆ ವಾದದಿಂದ ಆಗಬೇಕಾದ್ದೇನೂ ಇಲ್ಲ. ಪೂರಾ ಶುದ್ಧವಾದ ಮನಸ್ಸು ಬಂದ ಮೇಲೆಯೇ ಒಳ್ಳೆಯ ಕೆಲಸ ಮಾಡುತ್ತೇನೆಂದು ಕಾಯುವವರು ಏನನ್ನೂ ಮಾಡಲಾರರು. ಮನಸ್ಸನ್ನು ಶುದ್ಧಗೊಳಿಸುವ ಕೆಲಸ ಮಾಡುತ್ತಾ ಮಾಡುತ್ತಾ ನಡೆಯಬೇಕಾದದ್ದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮಿಷನ್ ಆಸ್ಪತ್ರೆಗಳೆಲ್ಲ ಮತಪ್ರಚಾರದ ಬಯಕೆಯನ್ನೂ ಜೊತೆಗೇ ಇಟ್ಟುಕೊಂಡಿದ್ದವು. ಐಡಾ ಅವರ ಜೊತೆಗೆ ಬಂದ ಗೆಳತಿ ಆ್ಯನಿ ಹ್ಯಾನ್‌ಕಾಕ್ ಮನೆಮನೆಗೆ ಹೋಗಿ ಹೆಂಗಸರಿಗೆ ಸುವಾರ್ತೆ ಹೇಳುತ್ತಿದ್ದರು. ಔಷಧಿಯ ಕೈಗೂ ಪುಸ್ತಕದ ಕೈಗೂ ನಂಟಿತ್ತು. ಇದು ಸರಿಯೇ ಎಂದು ಕೇಳಿದವರು ಹೊರಗಿನವರು ಮಾತ್ರವಲ್ಲ. ಹಿಂದೆ ಹೇಳಿದ ಧಾತು ವರ್ಷದ ಬರದಲ್ಲೇ ಆಂಧ್ರದ ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಮಿಷನರಿ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಜನ ಗುಂಪುಗುಂಪಾಗಿ ಬಂದು ದೀಕ್ಷಾಸ್ನಾನ ಕೇಳಿದರು. ಬರ ಮುಗಿಯುವವರೆಗೆ ಆತ ಕೊಡಲಿಲ್ಲ. ಗಂಜಿಗಾಗಿ ಮತಕ್ಕೆ ಬಂದರೆಂಬ ಮಾತು ಬರಬಾರದೆಂದು ಕಾಲುವೆಯ ಕೆಲಸ ನಿಂತ ಮೇಲೆಯೇ ಕೊಟ್ಟದ್ದು. 1878ರ ಜುಲೈ 3ರಂದು ಒಂದೇ ದಿನ 2,222 ಜನ ಸ್ನಾನ ಪಡೆದರು. ಕೊಡುವವರ ಉದ್ದೇಶದ ಹಾಗೆ ತೆಗೆದುಕೊಳ್ಳುವವರ ಉದ್ದೇಶವೂ ಹಸಿವಿನಲ್ಲಿ ಕಲಸಿಹೋಗುತ್ತದೆ ಎಂದು ಆತನಿಗೆ ಗೊತ್ತಿತ್ತು.

1930ರ ದಶಕದಲ್ಲಿ ಗಾಂಧೀಜಿ ಈ ವಿಷಯದಲ್ಲಿ ಬಹಳ ಖಂಡಿತವಾಗಿ ಮಾತನಾಡಿದರು. ಮಿಷನರಿಗಳ ಶಾಲೆ, ಆಸ್ಪತ್ರೆಗಳನ್ನು ಅವರು ಗೌರವಿಸುತ್ತಿದ್ದರು. ಆದರೆ ರೋಗಿಗೆ ಔಷಧಿ ಕೊಡುವಾಗ ಅವನು ತಮ್ಮ ಮತಕ್ಕೆ ಬರಲಿ ಎಂಬ ಲೆಕ್ಕ ಒಳಗಿದ್ದರೆ ಅದು ಸೇವೆಯಲ್ಲ ಎಂದು ಅವರ ವಾದ. 1932ರಲ್ಲಿ ಅಮೆರಿಕದ ಪ್ರೊಟೆಸ್ಟಂಟರೇ ನೇಮಿಸಿದ, ಹಾಕಿಂಗ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರ ನೇತೃತ್ವದ ಸಮಿತಿ ಭಾರತ, ಬರ್ಮಾ, ಚೀನಾ, ಜಪಾನುಗಳನ್ನು ಸುತ್ತಿ ವರದಿ ಕೊಟ್ಟಿತು. ಆಸ್ಪತ್ರೆ, ಶಾಲೆಗಳ ಕೆಲಸವನ್ನು ನೇರ ಮತಪ್ರಚಾರದಿಂದ ಬಿಡಿಸಬೇಕು, ಒಳ್ಳೆಯ ಕೆಲಸ ತನಗೆ ತಾನೇ ಸಾಕು ಎಂದಿತು. ಚರ್ಚುಗಳಲ್ಲಿ ಅದಕ್ಕೆ ದೊಡ್ಡ ಗಲಾಟೆಯಾಯಿತು. ಚೀನಾದಲ್ಲಿ ಮಿಷನರಿಗಳ ಮಗಳಾಗಿ ಬೆಳೆದ ಕಾದಂಬರಿಕಾರ್ತಿ ಪರ್ಲ್ ಬಕ್ ಆ ವರದಿಯನ್ನು ಬೆಂಬಲಿಸಿ ಟೀಕೆಗೆ ಗುರಿಯಾದರು, 1933ರಲ್ಲಿ ಮಿಷನ್ನಿನ ಕೆಲಸವನ್ನೇ ಬಿಟ್ಟರು.

ಐಡಾ ಸ್ಕಡರ್ ಕೊನೆಯವರೆಗೂ ಮಿಷನರಿಯೇ. ತಮ್ಮ ನಂಬಿಕೆಯನ್ನು ಅವರು ಎಂದೂ ಅಡಗಿಸಲಿಲ್ಲ. ಈ ವಾದದಲ್ಲಿ ಅವರು ಯಾರ ಪಕ್ಷ ಎಂದು ತೀರ್ಮಾನ ಕೊಡುವುದು ನನ್ನ ಕೆಲಸವಲ್ಲ. ಅವರ ಬಾಯಿಗಿಂತ ಅವರ ಕೈ ಮಾಡಿದ್ದನ್ನು ನಾನು ನೋಡಿದೆ. ಅದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು.

ಒಂದು, 1918ರದು. ಆ ಹೊತ್ತಿಗೆ ಅವರ ಹೆಸರು ಸುತ್ತಲ ಹಳ್ಳಿಗಳಲ್ಲೆಲ್ಲ ಹರಡಿತ್ತು. ರಸ್ತೆಬದಿಯ ಮರದ ಕೆಳಗೆ ಜನ ಕಾದು ಕೂರುತ್ತಿದ್ದರು, ಅವರ ಗಾಡಿ ಬಂದು ನಿಂತು ಔಷಧಿ ಕೊಡುತ್ತಿತ್ತು. “ಅಮ್ಮಾ ನೀವೇ ಬೇಕು” ಎಂದು ಜನ ಹೇಳುವುದಕ್ಕಿಂತ ಸಿಹಿಯಾದ ಮಾತು ಸೇವೆ ಮಾಡುವವರಿಗೆ ಇನ್ನೊಂದಿಲ್ಲ. ಅದಕ್ಕಿಂತ ಅಪಾಯದ್ದೂ ಇಲ್ಲ. ನಾನೇ ಬೇಕಾಗಿ ಉಳಿಯುವುದರಲ್ಲಿ ಅವರು ತೃಪ್ತಿ ಪಡಲಿಲ್ಲ. 1909ರಲ್ಲೇ ನರ್ಸುಗಳ ತರಬೇತಿ ಶುರು ಮಾಡಿದ್ದರು. ಈಗ ಈ ದೇಶದ ಹುಡುಗಿಯರನ್ನೇ ಡಾಕ್ಟರು ಮಾಡುವ ಶಾಲೆ ತೆರೆದರು. ಮೂರು ಅರ್ಜಿ ಬಂದರೆ ನಿಮ್ಮ ಪುಣ್ಯ ಎಂದು ಸರ್ಕಾರದ ವೈದ್ಯಾಧಿಕಾರಿ ಹೇಳಿದ್ದನಂತೆ. ಬಂದ ಅರ್ಜಿ 151. ಮೊದಲ ತಂಡದ 14 ಮಂದಿ 1922ರಲ್ಲಿ ಓದು ಮುಗಿಸಿ ಹೊರಬಂದರು. ತಿಂಡಿವನದಲ್ಲಿ ಒಬ್ಬಳೇ ಒಬ್ಬ ಹೆಣ್ಣು ಡಾಕ್ಟರಿಲ್ಲದೆ ಮೂವರು ಸತ್ತ ರಾತ್ರಿಗೆ ಇದು ಉತ್ತರ. ನಮ್ಮ ಕಡೆಯೂ ಆ ಕಾಲದಲ್ಲಿ ಇಂಥ ಕೆಲಸಗಳು ನಡೆದವು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರು ಮಕ್ಕಳಿಗಾಗಿಯೇ ಶುರುವಾದದ್ದು.

ಇನ್ನೊಂದು, ಇದಕ್ಕಿಂತ ಕಷ್ಟದ್ದು. 1938ರಲ್ಲಿ ಮದರಾಸು ಸರ್ಕಾರ ಹಳೆಯ ಎಲ್‌.ಎಂ.ಪಿ. ಶಿಕ್ಷಣ ಸಾಲದು, ಎಂ.ಬಿ.ಬಿ.ಎಸ್. ಮಟ್ಟಕ್ಕೆ ಏರಬೇಕು ಎಂದಿತು. ಅದಕ್ಕೆ ಬೇಕಾದ ಪ್ರಾಧ್ಯಾಪಕರು, ಹಾಸಿಗೆಗಳು, ಹಣ ಯಾವುದೂ ವೆಲ್ಲೂರಿನಲ್ಲಿ ಇರಲಿಲ್ಲ. ಹಲವಾರು ಮಿಷನ್ನುಗಳು ಕೈಗೂಡಿಸಿದರೆ ಆದೀತು. ಆದರೆ ಆಗ ಅದು ಹೆಂಗಸರ ಕಾಲೇಜಾಗಿ ಉಳಿಯಲಾರದು, ಗಂಡುಮಕ್ಕಳನ್ನೂ ಸೇರಿಸಬೇಕು. ಅಮೆರಿಕದಲ್ಲಿ ಡಾಲರ್ ಡಾಲರ್ ಕೂಡಿಸಿ ಅವರಿಗೆ ಬೆಂಬಲವಾಗಿ ನಿಂತಿದ್ದ ಹಳೆಯ ಗೆಳತಿಯರಿಗೆ ಇದು ದ್ರೋಹವೆಂದು ಕಂಡಿತು. ಹೆಂಗಸರಿಗಾಗಿ ಕೊಟ್ಟ ಹಣ, ಹೆಂಗಸರಿಗಾಗಿ ಕಟ್ಟಿದ ಶಾಲೆ ಎಂದು ಅವರು ಸಿಟ್ಟಾದರು. ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. ಎಪ್ಪತ್ತರ ವಯಸ್ಸಿನ ಐಡಾ ತಮ್ಮ ಕನಸಿನ ಆಕಾರವನ್ನು ಬಿಟ್ಟು ಅದರ ಜೀವವನ್ನು ಉಳಿಸಿಕೊಂಡರು. 1946ರಲ್ಲಿ ನಿವೃತ್ತರಾದರು. 1947ರಲ್ಲಿ ಗಂಡು ವಿದ್ಯಾರ್ಥಿಗಳು ಕಾಲೇಜಿಗೆ ಕಾಲಿಟ್ಟರು. ಆ ದಶಕ ಮುಗಿಯುವ ಮೊದಲೇ ವಿಶಾಖಪಟ್ಟಣದಲ್ಲಿ ಹುಟ್ಟಿದ ಡಾ. ಹಿಲ್ಡಾ ಲಾಜರಸ್ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕಿಯಾದರು. 1960ರ ಮೇ ತಿಂಗಳಲ್ಲಿ ಕೊಡೈಕಾನಲ್ಲಿನಲ್ಲಿ ಐಡಾ ತೀರಿಕೊಂಡಾಗ ಅವರಿಲ್ಲದೆಯೂ ನಡೆಯುವಂತೆ ಆಸ್ಪತ್ರೆ ಬೆಳೆದಿತ್ತು. ನಮ್ಮ ಅಮ್ಮ ಅಲ್ಲಿ ಮಲಗಿದ್ದು ಅದಾಗಿ 18 ವರ್ಷದ ಮೇಲೆ.

ಸೇವೆಯ ಉದ್ದೇಶ ಸರಿಯಾದದ್ದೋ ಅಲ್ಲವೋ ಎಂದು ಕೊಡುವಾಗ ತಿಳಿಯುವುದು ಕಷ್ಟ. ಕೊಡುವಾಗ ಎಲ್ಲರ ಮನಸ್ಸೂ ತುಂಬಿರುತ್ತದೆ, ನಾವೇ ನಮಗೆ ಚೆನ್ನಾಗಿ ಕಾಣುತ್ತೇವೆ. ಅದು ತಿಳಿಯುವುದು ಬಿಡುವಾಗ. ಕೊಟ್ಟದ್ದು ನಮ್ಮ ಕೈತಪ್ಪಿ, ನಾವು ಎಣಿಸದ ದಾರಿ ಹಿಡಿದಾಗ ನಮಗೆ ಏನಾಗುತ್ತದೆ ಎಂಬುದೇ ಪರೀಕ್ಷೆ. ಐಡಾ ಅವರು ಒಂದಿಡೀ ಕಾಲೇಜನ್ನು ಹಾಗೆ ಕೈಯಿಂದ ಬಿಟ್ಟರು. ನನಗೆ ಒಂದು ಕಂಬಳಿಯನ್ನು ಬಿಡಲಾಗಲಿಲ್ಲ.

ಇಷ್ಟೆಲ್ಲ ಓದಿ ಯೋಚಿಸುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿತ್ತು. ಅಜ್ಜಿ ದಿನಾ ಬರುತ್ತಿದ್ದಳು, ನಾನು ಸೊಪ್ಪು ತೆಗೆದುಕೊಳ್ಳುತ್ತಿದ್ದೆ, ಮಾತು ಮಾತ್ರ ಇರಲಿಲ್ಲ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿದೆ. “ಅಜ್ಜಿ, ಆ ಕಂಬಳಿ ಮಾರಿದ್ದು ಯಾಕೆ?” ಆರೋಪದ ಹಾಗೆ ಕೇಳಿಸದಿರಲೆಂದು ದನಿ ತಗ್ಗಿಸಿದ್ದೆ.

“ಮಗಳಿಗೆ ನೋವು ಬಂದ್ಬಿಡ್ತಮ್ಮ ರಾತ್ರಿ. ಸೂಲಗಿತ್ತಿ ಕೈಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹಾಕ್ಕೊಂಡು ಹೋಗಿ ಅಂದ್ಲು. ಆಟೋದೋನು ಮುಂಗಡ ದುಡ್ಡು ಅಂದ. ಟೀ ಅಂಗ್ಡಿಯೋನು ಎದ್ದಿದ್ದ, ಕೊಟ್ಬಿಟ್ಟೆ.”

“ಮಗು?”

“ಹೆಣ್ಮಗು. ಇಬ್ರೂ ಚೆನ್ನಾಗವ್ರೆ.”

ನನಗೆ ಮಾತೇ ಹೊರಡಲಿಲ್ಲ. ಕೊನೆಗೆ, “ನಮ್ಮ ಮನೆಗೆ ಬರಬಾರದಾಗಿತ್ತೇ ಅಜ್ಜಿ? ನಾನು ಕೊಡುತ್ತಿರಲಿಲ್ಲವೇ?” ಎಂದೆ.

ಅವಳು ಮೆಂತ್ಯದ ಕಟ್ಟಿನ ಹುಲ್ಲು ಕೀಳುತ್ತಾ, ನನ್ನನ್ನು ನೋಯಿಸುವ ಉದ್ದೇಶ ಒಂದಿಷ್ಟೂ ಇಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಅಷ್ಟೊತ್ನಲ್ಲಿ ನಿಮ್ ಬಾಗ್ಲು ತಟ್ಟೋಕಾಗ್ತದೇನಮ್ಮಾ?”

ತಿಂಡಿವನದ ಆ ಹುಡುಗಿಗೆ ಸೇವೆಯ ಮನಸ್ಸಿರಲಿಲ್ಲ, ವೈದ್ಯ ಗೊತ್ತಿರಲಿಲ್ಲ, ಆದರೂ ಒಂದೇ ರಾತ್ರಿಯಲ್ಲಿ ಮೂರು ಜನ ಗುರುತಿಲ್ಲದವರು ಅವಳ ಬಾಗಿಲು ತಟ್ಟಿದ್ದರು. ನಲವತ್ತು ಕಂಬಳಿ ಹಂಚಿದ ಕೂಟದ ಕಾರ್ಯದರ್ಶಿಯ ಬಾಗಿಲನ್ನು, ಎಂಟು ವರ್ಷ ದಿನಾ ಬರುತ್ತಿದ್ದವಳು ತಟ್ಟಲಾರದೆ ಮುಂದೆ ಹೋಗಿದ್ದಳು. ಆ ಎಂಟು ವರ್ಷದಲ್ಲಿ ಅವಳಿಗೊಬ್ಬ ಬಸುರಿ ಮಗಳಿದ್ದಾಳೆಂದು ನಾನು ಕೇಳಿರಲೂ ಇಲ್ಲ. ಅವಳ ಕಾಫಿಯನ್ನು ನಾನು ಯಾವಾಗಲೂ ಹೊಸಿಲಿನಾಚೆ, ಅವಳಿಗೆಂದೇ ಇಟ್ಟ ಅಲ್ಯೂಮಿನಿಯಂ ಲೋಟದಲ್ಲಿ ಕೊಡುತ್ತಿದ್ದೆ ಎಂಬುದೂ ಅವತ್ತೇ ಕಣ್ಣಿಗೆ ಬಿದ್ದದ್ದು.

“ಒಳಗೆ ಬಾ ಅಜ್ಜಿ, ಕೂತು ಕಾಫಿ ಕುಡಿ” ಎಂದೆ. ಅವಳು ಬರಲಿಲ್ಲ. “ಇಲ್ಲೇ ಬಿಸ್ಲು ಚೆನ್ನಾಗೈತೆ, ಇರ್ಲಿ” ಎಂದಳು. ಎಂಟು ವರ್ಷದ ಹೊಸಿಲನ್ನು ನನಗೆ ಮನಸ್ಸು ಬಂದ ದಿನ ಅವಳು ದಾಟಬೇಕೆಂದು ಬಯಸಿದ್ದೂ ನನ್ನ ಸಮಾಧಾನಕ್ಕೇ ಅಲ್ಲವೇ?

ಮುಂದಿನ ವರ್ಷದಿಂದ ಕೂಟದಲ್ಲಿ ಫೋಟೋ ನಿಂತಿತು. ಪಟ್ಟಿ ಬರೆಯುವ ಮೊದಲು ಕೇರಿಗೆ ಹೋಗಿ ಏನು ಬೇಕೆಂದು ಕೇಳುವ ಪದ್ಧತಿ ಬಂತು. ಹೆಚ್ಚು ಜನ ಕೇಳಿದ್ದು ಕಂಬಳಿಯನ್ನಲ್ಲ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ಆಟೋ ಖರ್ಚಿಗೆ ಒಂದಿಷ್ಟು ಹಣ ಯಾರದಾದರೂ ಮನೆಯಲ್ಲಿರಲಿ ಎಂದರು. ನಮ್ಮ ಮನೆಯಲ್ಲೇ ಇಟ್ಟೆವು. ಮೊದಲ ವರ್ಷ ಒಬ್ಬರೂ ಬರಲಿಲ್ಲ. ಎರಡನೆಯ ವರ್ಷ, ಮಳೆಗಾಲದ ಒಂದು ರಾತ್ರಿ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು.

ಆದರೆ ಅಜ್ಜಿ ಒಳಗೆ ಬರಲೊಲ್ಲೆನೆಂದ ಆ ಬೆಳಿಗ್ಗೆ ಇದಾವುದೂ ನನ್ನ ತಲೆಯಲ್ಲಿರಲಿಲ್ಲ. ನಾವು ದಿನಾ ಕುಡಿಯುವ ಸ್ಟೀಲ್ ಲೋಟಗಳೆರಡಕ್ಕೆ ಕಾಫಿ ಬಗ್ಗಿಸಿಕೊಂಡು ಹೊರಗೆ ಹೋದೆ. ಜಗಲಿಯ ಮೆಟ್ಟಿಲ ಮೇಲೆ, ಬುಟ್ಟಿಯ ಈಚೆ ಕಡೆಗೆ ಕೂತು ಮೊಮ್ಮಗಳಿಗೆ ಏನು ಹೆಸರಿಟ್ಟರು ಎಂದು ಕೇಳಿದೆ.